ಉಸಿರು ನಡೆಸುವ ವಿದ್ಯೆ
ಶ್ವಾಸ ಚಿಕಿತ್ಸಕರಾಗಲು ಏನನ್ನು ಕಲಿಯಬೇಕು?

ಮುಂದಕ್ಕೆ ಓದುವ ಮೊದಲು ವಾಚಕರು ಒಂದು ಸಣ್ಣ ಪ್ರಯೋಗವನ್ನು ಮಾಡಬೇಕೆಂದು ಬಿನ್ನಹ. ಕುರ್ಚಿಯ ಮೇಲೆ ನೆಮ್ಮದಿಯಾಗಿ ಕುಳಿತು, ಗಡಿಯಾರವನ್ನು ಎದುರಿಗಿಟ್ಟುಕೊಂಡು ಉಸಿರನ್ನು ಬಿಗಿಹಿಡಿಯಿರಿ. ಈಜುವಾಗ ಮಾತ್ರ ಈ ಪ್ರಯೋಗವನ್ನು ಎಂದಿಗೂ ಮಾಡಕೂಡದು. ಮೊದಲ ಹತ್ತು ಸೆಕೆಂಡು ವಿಶೇಷವೇನೂ ತೋರದು. ಅರ್ಧ ನಿಮಿಷ ಕಳೆಯುವಷ್ಟರಲ್ಲಿ ಎದೆಯೊಳಗೆ ಒಂದು ಬಗೆಯ ಚಡಪಡಿಕೆ ಹುಟ್ಟುವುದು. ಇನ್ನು ಸ್ವಲ್ಪ ಹೊತ್ತಿಗೆ ಅದು ತಡೆಯಲಾಗದಷ್ಟು ಬೆಳೆದು, ನಿಮ್ಮ ಹಟವನ್ನು ಮೀರಿ ಬಾಯಿ ತೆರೆದುಕೊಳ್ಳುವುದು.

ಈ ಚಡಪಡಿಕೆಗೆ ಕಾರಣವೇನು? ಆಮ್ಲಜನಕ ಮುಗಿದುಹೋದದ್ದೇ ಕಾರಣವೆಂದು ಬಹುಮಂದಿ ಹೇಳುವರು. ಅದು ಸರಿಯಲ್ಲ. ಅಷ್ಟು ಹೊತ್ತಿಗೆ ರಕ್ತದಲ್ಲಿ ಆಮ್ಲಜನಕ ಇನ್ನೂ ಸಾಕಷ್ಟು ಉಳಿದಿರುತ್ತದೆ. ಹೊರಹೋಗಲು ದಾರಿ ಕಾಣದೆ ರಕ್ತದಲ್ಲಿ ಸೇರುತ್ತಿರುವ ಇಂಗಾಲಾಮ್ಲ ವಾಯು, ಎಂದರೆ ಕಾರ್ಬನ್ ಡೈಆಕ್ಸೈಡ್, ಮಿದುಳಿನ ಬುಡದಲ್ಲಿರುವ ಉಸಿರಾಟದ ಕೇಂದ್ರವನ್ನು ಕೆರಳಿಸುವುದೇ ಮುಖ್ಯ ಕಾರಣ. ಉಸಿರಾಟಕ್ಕೆ ಎರಡು ಕೆಲಸಗಳಿವೆ: ಬೇಕಾದುದನ್ನು ಒಳಗೆ ತರುವುದು, ಬೇಡವಾದುದನ್ನು ಹೊರಗೆ ಕಳುಹುವುದು. ಮೊದಲನೆಯದನ್ನು ಎಲ್ಲರೂ ಬಲ್ಲರು. ಎರಡನೆಯದನ್ನು ಮರೆತರೆ ಏನಾಗುವುದೆಂಬುದನ್ನು ಒಂದು ನಗರವು ದೊಡ್ಡ ಬೆಲೆ ತೆತ್ತು ಕಲಿತುಕೊಂಡಿತು. ಶ್ವಾಸ ಚಿಕಿತ್ಸಕನೆಂಬ ವೃತ್ತಿಗಾರ ಇಂದು ಕಲಿಯುವ ವಿದ್ಯೆಯ ತಿರುಳೆಲ್ಲ ಆ ಪಾಠದಲ್ಲಿ ಅಡಗಿದೆ.

ಕೋಪನ್‌ಹೇಗನ್ನಿನ ಪಾಠ

1952ರ ಬೇಸಗೆಯಲ್ಲಿ ಡೆನ್ಮಾರ್ಕಿನ ರಾಜಧಾನಿಯಾದ ಕೋಪನ್‌ಹೇಗನ್ ನಗರವನ್ನು ಪೋಲಿಯೊ ರೋಗ ಉಗ್ರವಾಗಿ ಮುತ್ತಿತು. ಸಾಂಕ್ರಾಮಿಕ ರೋಗಗಳಿಗೆ ಮೀಸಲಾಗಿದ್ದ ಬ್ಲೆಗ್ಡಾಮ್ ಆಸ್ಪತ್ರೆಗೆ ದಿನವೂ ಹೊಸ ರೋಗಿಗಳು ಬರತೊಡಗಿದರು. ಅವರಲ್ಲಿ ಅನೇಕರು ಮಕ್ಕಳು. ಪೋಲಿಯೊ ಕೈಕಾಲುಗಳನ್ನಷ್ಟೇ ಕೆಡಿಸುವುದಲ್ಲ. ಎದೆಗೂಡಿನ ಸ್ನಾಯುಗಳನ್ನೂ ವಪೆಯನ್ನೂ ನುಂಗುವ ಶಕ್ತಿಯನ್ನೂ ಅದು ಕಸಿದುಕೊಳ್ಳಬಲ್ಲುದು. ಅಂಥ ರೋಗಿಗೆ ಉಸಿರೆಳೆಯುವ ಬಲವಿರದು. ಗಂಟಲಲ್ಲಿ ಸೇರಿದ ಜೊಲ್ಲು ಶ್ವಾಸನಾಳಕ್ಕೆ ಇಳಿಯುವುದು.

ಆಗ ಇದ್ದ ಉಪಾಯವೆಂದರೆ 1928ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಬಳಕೆಗೆ ಬಂದ 'ಕಬ್ಬಿಣದ ಶ್ವಾಸಕೋಶ'. ರೋಗಿಯ ತಲೆಯೊಂದನ್ನು ಹೊರಗುಳಿಸಿ, ದೇಹವನ್ನೆಲ್ಲ ಒಂದು ದೊಡ್ಡ ಪೀಪಾಯಿಯಲ್ಲಿ ಮುಚ್ಚಿ, ಒಳಗಿನ ಗಾಳಿಯ ಒತ್ತಡವನ್ನು ಇಳಿಸಿದರೆ ಎದೆ ಹಿಗ್ಗಿ ಉಸಿರು ಒಳಕ್ಕೆ ಬರುವುದು. ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿದ್ದುದು ಇಂಥದೊಂದು ಯಂತ್ರ, ಮತ್ತು ಎದೆಗೆ ಮಾತ್ರ ಕಟ್ಟುವ ಕವಚದಂಥ ಆರು ಉಪಕರಣಗಳು. ಮೊದಲ ಮೂರು ವಾರಗಳಲ್ಲಿ ಇವುಗಳಿಂದ ಚಿಕಿತ್ಸೆ ಪಡೆದ 31 ಮಂದಿಯಲ್ಲಿ 27 ಮಂದಿ ತೀರಿಕೊಂಡರು.

ಇಲ್ಲಿ ಒಂದು ಸೋಜಿಗವಿತ್ತು. ರೋಗಿಗಳಿಗೆ ಆಮ್ಲಜನಕವನ್ನು ಕೊಡಲಾಗುತ್ತಿತ್ತು. ಅವರ ತುಟಿ ಉಗುರುಗಳು ನೀಲಿಗಟ್ಟಿರಲಿಲ್ಲ. ಆದರೂ ಮೈ ಬೆವತು, ರಕ್ತದ ಒತ್ತಡ ಏರಿ, ಎಚ್ಚರ ತಪ್ಪಿ ಸಾಯುತ್ತಿದ್ದರು. ರಕ್ತದಲ್ಲಿ ಇಂಗಾಲಾಮ್ಲದ ಒಟ್ಟು ಪ್ರಮಾಣ ಬಹಳ ಹೆಚ್ಚಿರುವುದು ಪ್ರಯೋಗಶಾಲೆಯಲ್ಲಿ ಕಂಡುಬಂದಾಗ, ವೈದ್ಯರು ಅದನ್ನು ರಕ್ತ ಕ್ಷಾರವಾದುದರ ಗುರುತೆಂದು ಬಗೆದರು. ರೋಗಾಣು ಮಿದುಳನ್ನೇ ಹೊಕ್ಕು ಕೊಲ್ಲುತ್ತಿದೆಯೆಂದು ನಂಬಿದರು. ಆಸ್ಪತ್ರೆಯ ಮುಖ್ಯ ವೈದ್ಯ ಲಾಸೆನ್ ಅವರು ಸಲಹೆಗೆಂದು ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರನ್ನು ಕರೆಯಿಸಿದರು. ಇಬ್ಸೆನ್ನರ ಎಣಿಕೆ ಬೇರೆಯೇ ಆಗಿತ್ತು: ಉಸಿರು ಸಾಲದೆ ಇಂಗಾಲಾಮ್ಲ ಒಳಗೇ ಉಳಿದಿದೆ, ರಕ್ತ ಕ್ಷಾರವಾಗಿಲ್ಲ, ಆಮ್ಲವಾಗಿದೆ. ಆಮ್ಲಜನಕ ತುಟಿಗೆ ಕೆಂಪು ತಂದು ಕಣ್ಣಿಗೆ ಮೋಸ ಮಾಡುತ್ತಿದೆಯೇ ಹೊರತು, ಕಸ ಹೊರಗೆ ಹೋಗುತ್ತಿಲ್ಲ.

1952ರ ಆಗಸ್ಟ್ 27ರಂದು, ಸಾವಿನ ಅಂಚಿನಲ್ಲಿದ್ದ ಹನ್ನೆರಡು ವರ್ಷದ ಬಾಲಕಿಯೊಬ್ಬಳ ಮೇಲೆ ಈ ಎಣಿಕೆಯ ಪರೀಕ್ಷೆ ನಡೆಯಿತು. ಅವಳ ಶ್ವಾಸನಾಳದಲ್ಲಿ ರಂಧ್ರ ಮಾಡಿ ಕೊಳವೆಯನ್ನಿಟ್ಟರು. ಇಬ್ಸೆನ್ ರಬ್ಬರಿನ ಚೀಲವನ್ನು ಕೈಯಿಂದ ಹಿಸುಕಿ ಗಾಳಿಯನ್ನು ಒಳಗೆ ನೂಕಲು ಯತ್ನಿಸಿದರು. ಮೊದಲು ಬಾಲಕಿ ಒದ್ದಾಡಿದಳು, ಗಾಳಿ ಹೋಗಲೊಲ್ಲದು. ಆಕೆಯನ್ನು ಔಷಧದಿಂದ ನಿದ್ರೆಗೊಳಪಡಿಸಿದ ಮೇಲೆ ಚೀಲದ ಒತ್ತಡಕ್ಕೆ ಎದೆ ಸರಾಗವಾಗಿ ಏರಿಳಿಯಿತು. ಇಂಗಾಲಾಮ್ಲ ಇಳಿಯಿತು, ಮೈಬೆವರು ನಿಂತಿತು. ಎದೆಯ ಕವಚಕ್ಕೆ ಹಿಂದಿರುಗಿಸಿದಾಗ ಇಂಗಾಲಾಮ್ಲ ಮತ್ತೆ ಏರಿತು. ಕೈಯಿಂದ ಉಸಿರು ಕೊಟ್ಟಾಗ ಮತ್ತೆ ಇಳಿಯಿತು. ಇನ್ನು ಸಂಶಯಕ್ಕೆ ಎಡೆಯಿರಲಿಲ್ಲ.

ಆದರೆ ಹಗಲಿರುಳೂ ಚೀಲ ಹಿಸುಕುವವರು ಯಾರು? ವೈದ್ಯಕೀಯ ವಿದ್ಯಾರ್ಥಿಗಳನ್ನು ಕರೆದರು. ಸುಮಾರು 1,500 ವಿದ್ಯಾರ್ಥಿಗಳು ಸರದಿಯ ಮೇಲೆ ಬಂದು, ರೋಗಿಯ ಮಗ್ಗುಲಲ್ಲಿ ಕುಳಿತು, ತಾಸುಗಟ್ಟಲೆ ಕೈಯಿಂದಲೇ ಉಸಿರು ಕೊಟ್ಟರು. ಹಾವಳಿಯ ತುತ್ತತುದಿಯಲ್ಲಿ ಏಕಕಾಲಕ್ಕೆ 70 ಮಂದಿ ರೋಗಿಗಳು ಹೀಗೆ ಬದುಕುತ್ತಿದ್ದರು. ಸಾವಿನ ಪ್ರಮಾಣ ಮೊದಲಿದ್ದುದರ ಅರ್ಧಕ್ಕಿಂತಲೂ ಕೆಳಗಿಳಿಯಿತು. ಮರುವರ್ಷ, 1953ರ ಡಿಸೆಂಬರಿನಲ್ಲಿ, ಇಬ್ಸೆನ್ ಅದೇ ನಗರದ ಮತ್ತೊಂದು ಆಸ್ಪತ್ರೆಯಲ್ಲಿ ತೆರೆದ ವಿಭಾಗವನ್ನು ಇಂದಿನ ತೀವ್ರ ನಿಗಾ ಘಟಕಗಳ ಮೊದಲ ಮಾದರಿಯೆಂದು ಎಣಿಸುವುದುಂಟು.

ಆ ವಿದ್ಯಾರ್ಥಿಗಳ ಕೈಯಲ್ಲಿ ಸೂಚಕಗಳಿರಲಿಲ್ಲ, ಗಂಟೆ ಬಾರಿಸುವ ಯಂತ್ರಗಳಿರಲಿಲ್ಲ. ಕೊಳವೆಯಿಟ್ಟ ರೋಗಿ ಮಾತನಾಡಲಾರ. ಅವನ ಕಣ್ಣು, ತುಟಿ, ಬೆವರು, ಚೀಲದ ಬಿಗುವು, ಇವಿಷ್ಟೇ ಅವರಿಗೆ ಸಾಧನಗಳು. ಇಂದು ಬಗೆಬಗೆಯ ಯಂತ್ರಗಳು ಬಂದಿವೆ. ಆದರೂ ಹಾಸಿಗೆಯ ಪಕ್ಕದಲ್ಲಿ ನಿಲ್ಲುವವನಿಗೆ ಬೇಕಾದ ಗುಣ ಬದಲಾಗಿಲ್ಲ.

ಒಂದು ಸಣ್ಣ ಲೆಕ್ಕ

ಶ್ವಾಸ ಚಿಕಿತ್ಸೆಯ ತರಗತಿಯಲ್ಲಿ ಮೊದಮೊದಲು ಬರುವ ಒಂದು ಲೆಕ್ಕವನ್ನು ಇಲ್ಲಿ ಮಾಡಿನೋಡೋಣ. ಇದಕ್ಕೆ ಹೈಸ್ಕೂಲಿನ ಗಣಿತ ಸಾಕು.

ಆರೋಗ್ಯವಂತನಾದ ವಯಸ್ಕನು ವಿಶ್ರಾಂತಿಯಲ್ಲಿರುವಾಗ ಒಂದು ಸಲಕ್ಕೆ ಸುಮಾರು 500 ಮಿಲಿಲೀಟರ್ ಗಾಳಿಯನ್ನು ಎಳೆದುಕೊಳ್ಳುವನು. ಅದರಲ್ಲಿ ಸುಮಾರು 150 ಮಿಲಿಲೀಟರ್ ಮೂಗು, ಗಂಟಲು, ಶ್ವಾಸನಾಳಗಳಲ್ಲೇ ಉಳಿದು, ರಕ್ತದೊಡನೆ ವ್ಯವಹರಿಸದೆ ಹಾಗೆಯೇ ಹಿಂದಿರುಗುವುದು. ಬೀದಿಯಲ್ಲೇ ನಿಂತು ಮನೆಯೊಳಕ್ಕೆ ಬಾರದೆ ಹೋದ ನೆಂಟನಂತೆ ಈ ಗಾಳಿ. ಉಳಿದ 350 ಮಿಲಿಲೀಟರ್ ಮಾತ್ರ ವಾಯುಕೋಶಗಳನ್ನು ಸೇರುವುದು. ನಿಮಿಷಕ್ಕೆ 12 ಉಸಿರಾದರೆ ಒಟ್ಟು ಗಾಳಿ 6,000 ಮಿಲಿಲೀಟರ್. ಪ್ರಯೋಜನಕ್ಕೆ ಬಂದದ್ದು 4,200.

ಈಗ ರೋಗಿಯೊಬ್ಬನು 250 ಮಿಲಿಲೀಟರಿನಷ್ಟು ಮೇಲುಸಿರನ್ನು ನಿಮಿಷಕ್ಕೆ 24 ಸಲ ಎಳೆಯುತ್ತಿರುವನೆನ್ನಿ. ಒಟ್ಟು ಗಾಳಿ ಈಗಲೂ 6,000 ಮಿಲಿಲೀಟರೇ. ಆದರೆ ಪ್ರತಿ ಉಸಿರಿನಲ್ಲೂ 150 ವ್ಯರ್ಥವಾಗಿ 100 ಮಾತ್ರ ಒಳಗೆ ತಲಪುವುದರಿಂದ, ಪ್ರಯೋಜನಕ್ಕೆ ಬಂದದ್ದು ಕೇವಲ 2,400. ಹೊರಗಿನಿಂದ ನೋಡುವವನಿಗೆ, 'ಪಾಪ, ಎಷ್ಟು ಜೋರಾಗಿ ಉಸಿರಾಡುತ್ತಿದ್ದಾನೆ!' ಎನಿಸಬಹುದು. ಲೆಕ್ಕ ಬಲ್ಲವನಿಗೆ, ಈತನ ಉಸಿರು ಅರ್ಧಕ್ಕೆ ಇಳಿಯುತ್ತಿದೆ, ಬೇಗ ದಣಿದುಬೀಳುವನು ಎಂಬುದು ಗೋಚರವಾಗುವುದು. ಈ ಎರಡು ನೋಟಗಳ ನಡುವಣ ಅಂತರವೇ ಶಿಕ್ಷಣ.

ತರಗತಿಯಲ್ಲಿ, ರೋಗಿಯ ಬಳಿಯಲ್ಲಿ

ಉಸಿರಾಟದ ಚಿಕಿತ್ಸೆಯನ್ನು ಪ್ರತ್ಯೇಕ ವೃತ್ತಿಯಾಗಿ ಮೊದಲು ಸಂಘಟಿಸಿದ್ದು ಅಮೆರಿಕದಲ್ಲಿ. ಆಮ್ಲಜನಕದ ಸಿಲಿಂಡರುಗಳನ್ನು ವಾರ್ಡಿನಿಂದ ವಾರ್ಡಿಗೆ ಸಾಗಿಸುತ್ತಿದ್ದ ನೌಕರರಿಂದಲೇ ಈ ವೃತ್ತಿ ಬೆಳೆಯಿತು. 1947ರಲ್ಲಿ ಚಿಕಾಗೋ ನಗರದಲ್ಲಿ ಅವರ ಸಂಘವೊಂದು ವಿಧ್ಯುಕ್ತವಾಗಿ ಸ್ಥಾಪನೆಯಾಯಿತು. ಇಂದು ಇದು ಪದವಿಯ ವಿದ್ಯೆ. ನಮ್ಮ ದೇಶದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದಿ ಪಿಯುಸಿ ತೇರ್ಗಡೆಯಾದವರು ಇದಕ್ಕೆ ಸೇರಬಹುದು. ಸಾಮಾನ್ಯವಾಗಿ ಮೂರು ವರ್ಷಗಳ ಪಾಠ, ಆ ಬಳಿಕ ಆಸ್ಪತ್ರೆಯಲ್ಲಿ ಕಡ್ಡಾಯವಾದ ಅಭ್ಯಾಸದ ಅವಧಿ.

ಮೊದಲಿಗೆ ಅಂಗರಚನೆ, ಶರೀರಕ್ರಿಯೆ, ರೋಗಾಣುಶಾಸ್ತ್ರ, ಔಷಧಶಾಸ್ತ್ರ. ಕಾಲೇಜಿನಲ್ಲಿ ನಾವು ಬಾಯಿಪಾಠ ಮಾಡಿದ ಬಾಯ್ಲನ ನಿಯಮ, ಡಾಲ್ಟನ್ನನ ನಿಯಮ ಇಲ್ಲಿ ಜೀವಂತವಾಗುವುವು. ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕವಷ್ಟೆ; ಅದರ ಪಾಲಿನ ಒತ್ತಡವೆಷ್ಟು, ವಾಯುಕೋಶಕ್ಕೆ ಬರುವಷ್ಟರಲ್ಲಿ ಅದು ಎಷ್ಟು ಕುಂದುವುದು, ಬೆಟ್ಟದ ಮೇಲೆ ಎಷ್ಟು, ಎಂಬುದನ್ನೆಲ್ಲ ವಿದ್ಯಾರ್ಥಿ ಲೆಕ್ಕ ಹಾಕಬೇಕು. ಭೌತಶಾಸ್ತ್ರವನ್ನು ಪರೀಕ್ಷೆಗಾಗಿ ಓದಿ ಮರೆತವರಿಗೆ ಈ ದಾರಿ ಕಷ್ಟ.

ಆಮೇಲೆ ಕೈಯ ಕೆಲಸ. ಸ್ಟೆತಾಸ್ಕೋಪಿನಿಂದ ಎದೆಯ ಸದ್ದನ್ನು ಆಲಿಸಿ, ಇದು ಆಸ್ತಮಾದ ಸಿಳ್ಳು, ಇದು ಕಫದ ಗೊರಗೊರ, ಇಲ್ಲಿ ಸದ್ದೇ ಇಲ್ಲ ಎಂದು ಗುರುತಿಸುವುದು. ಕೊಳವೆಯ ಮೂಲಕ ಕಫವನ್ನು ಸೆಳೆದು ತೆಗೆಯುವುದು. ಮುಂಗೈಯ ಅಪಧಮನಿಯಿಂದ ರಕ್ತ ತೆಗೆದು ಅದರಲ್ಲಿರುವ ಅನಿಲಗಳನ್ನು ಅಳೆಯುವುದು. ಆ ರಕ್ತದಲ್ಲಿ ಗಾಳಿಯ ಗುಳ್ಳೆಯೊಂದು ಉಳಿದರೂ ಫಲಿತಾಂಶ ಕೆಡುವುದು, ತಡಮಾಡಿದರೂ ಕೆಡುವುದು. ರಕ್ತದ ಪಿಎಚ್ 7.35ರಿಂದ 7.45ರೊಳಗೆ, ಇಂಗಾಲಾಮ್ಲದ ಒತ್ತಡ 35ರಿಂದ 45 ಮಿಲಿಮೀಟರ್ ಪಾದರಸದೊಳಗೆ ಇರಬೇಕು. ಪಿಎಚ್ 7.25ಕ್ಕೆ ಇಳಿದು ಇಂಗಾಲಾಮ್ಲ 60ಕ್ಕೆ ಏರಿರುವ ಚೀಟಿಯನ್ನು ಕಂಡೊಡನೆ, ಇಬ್ಸೆನ್ನರು ಕಂಡದ್ದನ್ನೇ ಇಂದಿನ ವಿದ್ಯಾರ್ಥಿಯೂ ಕಾಣುವನು: ಉಸಿರು ಸಾಲದೆ ರಕ್ತ ಆಮ್ಲವಾಗಿದೆ.

ಕೆಲಸವೆಲ್ಲ ತೀವ್ರ ನಿಗಾ ಘಟಕದಲ್ಲೇ ಅಲ್ಲ. ಆಸ್ತಮಾ ರೋಗಿಗೆ ಇನ್‌ಹೇಲರನ್ನು ಬಳಸುವ ಬಗೆಯನ್ನು ಕಲಿಸುವುದೂ ಶ್ವಾಸ ಚಿಕಿತ್ಸಕರ ಹೊಣೆ. ಒತ್ತುವ ಬಗೆಯ ಇನ್‌ಹೇಲರಾದರೆ, ಮೊದಲು ಉಸಿರನ್ನು ಪೂರ್ತಿ ಬಿಟ್ಟು, ಒತ್ತಿದೊಡನೆ ನಿಧಾನವಾಗಿ ಆಳವಾಗಿ ಎಳೆದು, ಹತ್ತು ಸೆಕೆಂಡು ಹಿಡಿದಿರಬೇಕು. ಅವಸರದಿಂದ ಎಳೆದರೆ ಔಷಧವು ಗಂಟಲಿಗೆ ಬಡಿದು ಅಲ್ಲೇ ಉಳಿಯುವುದು. ದುಡ್ಡು ತೆತ್ತು ಔಷಧ ಕೊಂಡು, ಗುಣ ಕಾಣದೆ, ಔಷಧವನ್ನೇ ದೂರುವವರಿದ್ದಾರೆ. ಐದು ನಿಮಿಷದ ತಾಳ್ಮೆಯ ಬೋಧನೆ ಅವರ ರಾತ್ರಿಗಳನ್ನು ಸುಖವಾಗಿಸಬಲ್ಲುದು.

ಕೃತಕ ಶ್ವಾಸಯಂತ್ರವಾದ ವೆಂಟಿಲೇಟರಿನ ಬಳಿ ನಿಂತಾಗ ಕಲಿಯುವ ಮೊದಲ ನಿಯಮವೆಂದರೆ: ಗಂಟೆ ಬಾರಿಸಿದಾಗ ಮೊದಲು ರೋಗಿಯನ್ನು ನೋಡು, ಆಮೇಲೆ ಯಂತ್ರವನ್ನು. ಒತ್ತಡ ಇಳಿದರೆ ಕೊಳವೆ ಎಲ್ಲೋ ಕಳಚಿರಬಹುದು. ಏರಿದರೆ ಕಫ ಕಟ್ಟಿರಬಹುದು, ಕೊಳವೆ ಮಡಚಿರಬಹುದು, ರೋಗಿ ಅದನ್ನು ಕಚ್ಚಿ ಹಿಡಿದಿರಬಹುದು. ಏನೂ ತೋಚದಿದ್ದರೆ ಯಂತ್ರವನ್ನು ಬಿಡಿಸಿ, ಕೈಚೀಲದಿಂದ ಉಸಿರು ಕೊಡುತ್ತ ಕಾರಣವನ್ನು ಹುಡುಕಬೇಕು. ಹಿಸುಕಿ ಬಿಟ್ಟರೆ ತಾನೇ ಉಬ್ಬಿಕೊಳ್ಳುವ ಈ ಚೀಲವನ್ನು 1956ರಲ್ಲಿ ಬಳಕೆಗೆ ತಂದದ್ದೂ ಡೆನ್ಮಾರ್ಕಿನಲ್ಲೇ, ತಂದವರು ಹೆನ್ನಿಂಗ್ ರೂಬೆನ್ ಮತ್ತು ಹೋಲ್ಗರ್ ಹೆಸ್ಸೆ.

ಹೆಚ್ಚಾದರೂ ಅಪಾಯ

ಉಸಿರು ಕಡಿಮೆಯಾದರೆ ಸಾವು. ಹಾಗಾದರೆ ಧಾರಾಳವಾಗಿ ಕೊಟ್ಟರೆ ಒಳ್ಳೆಯದಲ್ಲವೆ? ಅಲ್ಲವೆಂಬುದನ್ನು ವೈದ್ಯಲೋಕ ಎರಡು ಸಲ ಕಲಿಯಬೇಕಾಯಿತು.

1940ರ ದಶಕದಲ್ಲಿ, ದಿನ ತುಂಬದೆ ಹುಟ್ಟಿದ ಶಿಶುಗಳನ್ನು ಉಳಿಸಬೇಕೆಂಬ ಸದಾಶಯದಿಂದ ಅನೇಕ ದೇಶಗಳ ಆಸ್ಪತ್ರೆಗಳಲ್ಲಿ ಅವಕ್ಕೆ ಯಥೇಚ್ಛವಾಗಿ ಆಮ್ಲಜನಕವನ್ನು ಕೊಡಲಾಯಿತು. ಅವುಗಳಲ್ಲಿ ಸಾವಿರಾರು ಶಿಶುಗಳು ಕುರುಡಾದುವು. ಅತಿಯಾದ ಆಮ್ಲಜನಕವು ಕಣ್ಣಿನ ಅಕ್ಷಿಪಟದ ಎಳೆಯ ರಕ್ತನಾಳಗಳ ಬೆಳವಣಿಗೆಯನ್ನು ಕೆಡಿಸುವುದೆಂಬುದು 1950ರ ದಶಕದಲ್ಲಿ ನಡೆದ ಪರೀಕ್ಷೆಗಳಿಂದ ಸ್ಥಿರಪಟ್ಟಿತು. ಆಮ್ಲಜನಕವೂ ಔಷಧವೇ, ಅದಕ್ಕೂ ಅಳತೆಯುಂಟು.

ಎರಡನೆಯದು ಗಾಳಿಯ ಪ್ರಮಾಣದ ಮಾತು. ತೀವ್ರವಾಗಿ ಉರಿಯೂತಗೊಂಡ ಶ್ವಾಸಕೋಶದಲ್ಲಿ ಗಾಳಿಯಾಡುವ ಭಾಗ ಅಲ್ಪವಾಗಿರುತ್ತದೆ. ಅಲ್ಲಿಗೆ ದೊಡ್ಡ ಉಸಿರನ್ನು ನೂಕಿದರೆ ಉಳಿದಿರುವ ಒಳ್ಳೆಯ ಭಾಗವೂ ಹಿಗ್ಗಿ ಗಾಯಗೊಳ್ಳುವುದು. 2000ದಲ್ಲಿ ಅಮೆರಿಕದಿಂದ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಇಂಥ 861 ರೋಗಿಗಳನ್ನು ಎರಡು ಗುಂಪಾಗಿ ಮಾಡಿದ್ದರು. ದೇಹತೂಕದ ಪ್ರತಿ ಕಿಲೋಗ್ರಾಮಿಗೆ 12 ಮಿಲಿಲೀಟರಿನಂತೆ ಉಸಿರು ಪಡೆದವರಲ್ಲಿ ನೂರಕ್ಕೆ 39.8 ಮಂದಿ ಸತ್ತರು. 6 ಮಿಲಿಲೀಟರ್ ಪಡೆದವರಲ್ಲಿ 31 ಮಂದಿ. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ; ಗುಂಡಿಯನ್ನು ಸರಿಯಾದ ಅಂಕೆಗೆ ತಿರುಗಿಸಿದ್ದರಿಂದಲೇ ಅಷ್ಟು ಜೀವಗಳು ಉಳಿದುವು.

ಇಲ್ಲಿ 'ದೇಹತೂಕ' ಎಂದರೆ ತಕ್ಕಡಿ ತೋರಿಸುವ ತೂಕವಲ್ಲ. ಮನುಷ್ಯ ದಪ್ಪಗಾದರೆ ಅವನ ಶ್ವಾಸಕೋಶ ದಪ್ಪಗಾಗದು. ಅದರ ಗಾತ್ರ ಎತ್ತರವನ್ನು ಅನುಸರಿಸುವುದು. ಆದುದರಿಂದ ಎತ್ತರವನ್ನು ಅಳೆದು, ಅದಕ್ಕೆ ಸಲ್ಲುವ ತೂಕವನ್ನು ಸೂತ್ರದಿಂದ ಕಂಡುಹಿಡಿಯುವರು. 170 ಸೆಂಟಿಮೀಟರ್ ಎತ್ತರದ ಪುರುಷನಿಗೆ ಅದು 66 ಕಿಲೋಗ್ರಾಮ್. ಉಸಿರು ಸುಮಾರು 400 ಮಿಲಿಲೀಟರ್. ಅವನು 90 ಕಿಲೋಗ್ರಾಮ್ ತೂಗಿದರೂ ಅಷ್ಟೆ. ಲಕ್ಷಾಂತರ ರೂಪಾಯಿಯ ಯಂತ್ರದ ಪಕ್ಕದಲ್ಲಿ ದರ್ಜಿಯ ಅಳತೆಪಟ್ಟಿಯೊಂದು ಇರಬೇಕಾದುದು ಇದಕ್ಕಾಗಿ.

ನಮ್ಮ ನಾಡಿನಲ್ಲಿ

2020 ಮತ್ತು 2021ರ ಕೋವಿಡ್ ಹಾವಳಿಯಲ್ಲಿ ಆಮ್ಲಜನಕ, ವೆಂಟಿಲೇಟರ್ ಎಂಬ ಮಾತುಗಳು ನಮ್ಮ ಮನೆಮನೆಯಲ್ಲೂ ಕೇಳಿಬಂದುವು. ಯಂತ್ರಗಳನ್ನು ತರಿಸಿದ್ದಾಯಿತು; ಅವುಗಳನ್ನು ಬಲ್ಲ ಕೈಗಳನ್ನು ಹಾಗೆ ಒಂದೆರಡು ವಾರದಲ್ಲಿ ತರಿಸಲಾಗದೆಂಬುದೂ ಆಗ ತಿಳಿಯಿತು. ಯಂತ್ರವನ್ನು ಕಾರ್ಖಾನೆಯಲ್ಲಿ ಮಾಡಬಹುದು. ಚಿಕಿತ್ಸಕನು ತಯಾರಾಗಲು ವರ್ಷಗಳು ಬೇಕು.

ಕರ್ನಾಟಕದಲ್ಲಿ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಲೈಡ್ ಹೆಲ್ತ್ ಸೈನ್ಸಸ್ ಪದವಿಗಳಲ್ಲಿ ರೆಸ್ಪಿರೇಟರಿ ಕೇರ್ ಟೆಕ್ನಾಲಜಿಯೂ ಒಂದು. ಮಣಿಪಾಲದಲ್ಲಿಯೂ ಈ ವಿದ್ಯೆಯ ಪದವಿ ಶಿಕ್ಷಣವುಂಟು. ಈ ಬಗೆಯ ವೃತ್ತಿಗಳ ಶಿಕ್ಷಣಕ್ಕೂ ನೋಂದಣಿಗೂ ದೇಶಕ್ಕೆಲ್ಲ ಒಂದೇ ಮಟ್ಟವನ್ನು ಗೊತ್ತುಪಡಿಸಲೆಂದು 2021ರಲ್ಲಿ ಸಂಸತ್ತು ಕಾಯಿದೆಯೊಂದನ್ನು ಮಾಡಿತು. ಸೇರುವ ಮೊದಲು ವಿದ್ಯಾರ್ಥಿಗಳು ಮೂರು ಸಂಗತಿಗಳನ್ನು ವಿಚಾರಿಸಿಕೊಳ್ಳುವುದು ಲೇಸು: ಕಾಲೇಜಿಗೆ ಮಾನ್ಯತೆಯಿದೆಯೆ? ಅದಕ್ಕೆ ಹೊಂದಿದ ಆಸ್ಪತ್ರೆಯಲ್ಲಿ ತೀವ್ರ ನಿಗಾ ಘಟಕವೂ ನವಜಾತ ಶಿಶುಗಳ ಘಟಕವೂ ಇವೆಯೆ? ಶ್ವಾಸ ಚಿಕಿತ್ಸೆಯನ್ನೇ ಕಲಿತ ಅಧ್ಯಾಪಕರು ಇರುವರೆ? ರೋಗಿಗಳಿಲ್ಲದ ಕಡೆ ಈ ವಿದ್ಯೆಯನ್ನು ಕಲಿಯುವುದು ನೀರಿಲ್ಲದ ಬಾವಿಯಲ್ಲಿ ಈಜು ಕಲಿತಂತೆ.

ಈ ಕೆಲಸ ಸುಲಭವೆಂದು ಹೇಳಿ ಎಳೆಯರನ್ನು ವಂಚಿಸುವುದು ನ್ಯಾಯವಲ್ಲ. ರಾತ್ರಿ ಪಾಳಿಗಳುಂಟು. ಸೋಂಕಿನ ಭಯವುಂಟು, ಕೆಮ್ಮುವವನ ಮುಖದ ಹತ್ತಿರವೇ ನಿಲ್ಲಬೇಕು. ಎಲ್ಲವನ್ನೂ ಸರಿಯಾಗಿ ಮಾಡಿದರೂ ಕೆಲವರು ಉಳಿಯರು. ಆ ಮಾರನೆಯ ದಿನವೂ ಅದೇ ವಾರ್ಡಿಗೆ ಹೋಗಬೇಕು. ತಾಳ್ಮೆ, ಲೆಕ್ಕದಲ್ಲಿ ನಿಷ್ಠೆ, ತಪ್ಪಾದಾಗ ಒಪ್ಪಿಕೊಳ್ಳುವ ಎದೆಗಾರಿಕೆ, ಇವು ಅಂಕಪಟ್ಟಿಗಿಂತ ಮುಖ್ಯವಾದ ಅರ್ಹತೆಗಳು.

ಕೊನೆಯ ಪರೀಕ್ಷೆ

ಯಂತ್ರಕ್ಕೆ ಸೇರಿಸುವುದಕ್ಕಿಂತ ಅದರಿಂದ ಬಿಡಿಸುವುದು ಕಷ್ಟ. ಬೇಗ ಬಿಡಿಸಿದರೆ ರೋಗಿ ದಣಿದುಬೀಳುವನು. ತಡಮಾಡಿದರೆ ಅವನ ಸ್ನಾಯುಗಳು ಕ್ಷೀಣಿಸುವುವು, ಸೋಂಕು ಹತ್ತುವುದು. ಆದುದರಿಂದ ರೋಗ ಇಳಿಮುಖವಾದಾಗ ಯಂತ್ರದ ನೆರವನ್ನು ಬಹುಮಟ್ಟಿಗೆ ತಗ್ಗಿಸಿ, ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ಅವನಾಗಿಯೇ ಉಸಿರಾಡುವಂತೆ ಬಿಟ್ಟು ಪರೀಕ್ಷಿಸುವರು. 1991ರಲ್ಲಿ ಪ್ರಕಟವಾದ ಒಂದು ಅಳತೆ ಇಲ್ಲಿ ನೆರವಾಗುವುದು. ನಿಮಿಷದ ಉಸಿರುಗಳ ಸಂಖ್ಯೆಯನ್ನು ಒಂದು ಉಸಿರಿನ ಲೀಟರುಗಳಿಂದ ಭಾಗಿಸಿದಾಗ ಬರುವ ಸಂಖ್ಯೆ 105ನ್ನು ಮೀರಿದರೆ ರೋಗಿ ಇನ್ನೂ ಸಿದ್ಧನಾಗಿಲ್ಲವೆಂದು ಎಣಿಸಬೇಕು. ನೆಮ್ಮದಿಯಿಂದ 12 ಸಲ ಅರ್ಧ ಲೀಟರ್ ಎಳೆಯುವವನದು 24. ಏದುಸಿರಿನಿಂದ 35 ಸಲ ಕಾಲು ಲೀಟರ್ ಎಳೆಯುವವನದು 140. ಮೇಲೆ ಮಾಡಿದ ಲೆಕ್ಕವೇ ಇಲ್ಲಿ ಮತ್ತೊಂದು ರೂಪದಲ್ಲಿ ಬಂದಿದೆ.

ಆ ಹೊತ್ತಿನಲ್ಲಿ ಚಿಕಿತ್ಸಕನು ಹಾಸಿಗೆಯ ಪಕ್ಕದಲ್ಲೇ ನಿಂತಿರಬೇಕು. ಪರದೆಯ ಮೇಲಿನ ಅಂಕೆಗಳೆಲ್ಲ ಸರಿಯಾಗಿಯೇ ಇದ್ದು, ರೋಗಿಯ ಹಣೆಯಲ್ಲಿ ಬೆವರೊಡೆಯಬಹುದು, ಕತ್ತಿನ ನರಗಳು ಬಿಗಿಯಬಹುದು, ಕಣ್ಣಲ್ಲಿ ಭಯ ಕಾಣಬಹುದು. ಕೋಪನ್‌ಹೇಗನ್ನಿನಲ್ಲಿ ಕೆಂಪಾದ ತುಟಿಗಳು ಮೋಸ ಮಾಡಿದಂತೆ ಅಂಕೆಗಳೂ ಮೋಸ ಮಾಡಬಹುದು. ಅಂಕೆಯನ್ನೂ ಓದಿ, ಮುಖವನ್ನೂ ಓದಿ, ಎರಡನ್ನೂ ತೂಗಿನೋಡಿ ವೈದ್ಯರಿಗೆ ವರದಿ ಮಾಡುವುದು ಅವನ ಧರ್ಮ. ಎಲ್ಲವೂ ಸರಿಯಿದ್ದರೆ ಕೊಳವೆಯನ್ನು ತೆಗೆಯುವರು. ರೋಗಿ ಒಮ್ಮೆ ಕೆಮ್ಮಿ, ತೊದಲು ದನಿಯಲ್ಲಿ ನೀರು ಕೇಳಿದನೆಂದರೆ ಆ ಹಾಸಿಗೆಯ ಬಳಿ ಚಿಕಿತ್ಸಕನ ಕೆಲಸ ಮುಗಿಯುತ್ತ ಬಂದಂತೆ. ಮನೆಗೆ ಹೋದ ಮೇಲೆ ಆ ರೋಗಿಗೆ ತನ್ನ ಉಸಿರಿನ ನೆನಪೇ ಇರದು. ಅದು ಹಾಗೆ ಮರೆತುಹೋಗುವಂತೆ ಮಾಡುವುದೇ ಈ ವಿದ್ಯೆಯ ಗುರಿ.